ಗರ್ವಾಲೆಯ ಇಳಿಜಾರಿನಲ್ಲಿ ಫೋರ್ ಲೋ

ಜುಲೈ ಕೊನೆಯ ಶನಿವಾರ, ಮಡಿಕೇರಿಯಿಂದ ಮಾದಾಪುರದ ಮೇಲೆ ಗರ್ವಾಲೆ ಕಡೆಗೆ. ಹಿಡಿದ ಮಳೆ ಬಿಟ್ಟಿರಲಿಲ್ಲ. ಗಾಡಿ ಮಹೀಂದ್ರಾದ ಡೀಸೆಲ್ ಥಾರ್ ರಾಕ್ಸ್, ಫೋರ್ ಬೈ ಫೋರ್, ಅಂದರೆ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವಂಥದ್ದು. ಒಳಗೆ ಐದು ಜನ, ಹಿಂದೆ ಎರಡು ದಿನದ ಸಾಮಾನು. ತೋಟದ ಗೇಟು ದಾಟಿದರೆ ಡಾಂಬರು ಮುಗಿದು ಬರೀ ಕೆಂಪು ಜೇಡಿ.

ಗೇಟಿನಲ್ಲೇ ಟೈರಿನ ಗಾಳಿಯನ್ನು 32 ಪಿಎಸ್‌ಐಯಿಂದ 24ಕ್ಕೆ ಇಳಿಸಿದೆವು. ಟೈರು ಚಪ್ಪಟೆಯಾದಷ್ಟೂ ನೆಲ ಹೆಚ್ಚು ಸಿಗುತ್ತದೆ, ಕಲ್ಲಿನ ಏಟೂ ಮೆತ್ತಗಾಗುತ್ತದೆ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚೀತು. ಆಮೇಲೆ ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು. ಇದನ್ನು ಹೂತುಕೊಳ್ಳುವ ಮುಂಚೆಯೇ ಹಾಕಬೇಕು. ಹೂತ ಚಕ್ರ ನಾಲ್ಕು ಸುತ್ತು ಸುಮ್ಮನೆ ತಿರುಗಿದರೂ ತನ್ನ ಹೊಂಡವನ್ನು ತಾನೇ ತೋಡಿಕೊಳ್ಳುತ್ತದೆ.

ಏರು ಕಷ್ಟವಾಗಲಿಲ್ಲ. ಟ್ರ್ಯಾಕ್ಟರು ಕೊರೆದ ಜಾಡಿನಲ್ಲಿ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತಿರುಗತೊಡಗಿದಾಗ ಹಿಂದಿನ ಡಿಫರೆನ್ಷಿಯಲ್ ಲಾಕ್ ಒತ್ತಿದರೆ ಸಾಕಾಯಿತು. ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮೇಲೆದ್ದಿತು. ದಾಟಿದೊಡನೆ ಲಾಕ್ ತೆಗೆಯಬೇಕು, ಇಲ್ಲದಿದ್ದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಎಳೆಯುತ್ತದೆ.

ನಡುವೆ ಒಂದು ತೋಡು. ಈ ಗಾಡಿ 650 ಮಿಲಿಮೀಟರ್ ನೀರು ದಾಟುತ್ತದೆಂದು ಕಂಪನಿ ಹೇಳುತ್ತದೆ. ಆ ಲೆಕ್ಕ ನಿಂತ ನೀರಿಗೆ ಸರಿ, ಹರಿಯುವ ನೀರಿಗೆ ಅಲ್ಲ. ಕೋಲು ಹಿಡಿದು ನಡೆದು ನೋಡಿದಾಗ ಮೊಣಕಾಲಿಗಿಂತ ಕೆಳಗಿತ್ತು, ತಳ ಗಟ್ಟಿ ಕಲ್ಲು. ಮೊದಲ ಗೇರಿನಲ್ಲಿ, ನಡುವೆ ನಿಲ್ಲಿಸದೆ ದಾಟಿದೆವು. ಆಚೆ ದಡದಲ್ಲಿ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿದೆವು.

ನಿಜವಾದ ಪರೀಕ್ಷೆ ಇಳಿಜಾರಿನದು. ಒಂದು ಬದಿ ಕಾಫಿ ಗಿಡ, ಇನ್ನೊಂದು ಬದಿ ಕೊರಕಲು. "ಬ್ರೇಕ್ ಒತ್ತಬೇಡಿ ಸಾರ್, ಇಲ್ಲೇ ಎಲ್ಲರೂ ಜಾರೋದು" ಎಂದರು ತೋಟದ ರೈಟರ್, ಅಂದರೆ ಅಲ್ಲಿನ ಲೆಕ್ಕಪತ್ರ, ಕೆಲಸ ನೋಡಿಕೊಳ್ಳುವವರು. ಅವರ ಮಾತಿನಲ್ಲಿ ಪೂರಾ ತರ್ಕವಿದೆ. ಹತ್ತಲು ನಾಲ್ಕು ಚಕ್ರದ ಬಲ ನೆರವಾಗುತ್ತದೆ. ನಿಲ್ಲಿಸುವಾಗ ಮಾತ್ರ ಸಾದಾ ಕಾರಿಗೂ ಇದಕ್ಕೂ ವ್ಯತ್ಯಾಸವಿಲ್ಲ, ಬ್ರೇಕು ಎಲ್ಲ ಗಾಡಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಜೇಡಿಯ ಮೇಲೆ ಜೋರಾಗಿ ಒತ್ತಿದರೆ ಚಕ್ರ ನಿಲ್ಲುತ್ತದೆ, ಎರಡು ಟನ್ ದಾಟಿದ ಭಾರ ನಿಲ್ಲುವುದಿಲ್ಲ. ಫೋರ್ ಲೋ ಮೊದಲ ಗೇರಿನಲ್ಲಿ ಎಂಜಿನ್ನೇ ನಾಲ್ಕೂ ಚಕ್ರಗಳನ್ನು ಹಿಡಿದಿಡುತ್ತದೆ. ಅವು ಉರುಳುತ್ತಲೇ ಇರುವುದರಿಂದ ಸ್ಟೇರಿಂಗ್ ಮಾತು ಕೇಳುತ್ತದೆ. ಕ್ಲಚ್ ಒತ್ತಿದರೆ ಆ ಹಿಡಿತ ಹೋಯಿತು. ಹಿಂಬದಿ ಜಾರತೊಡಗಿದರೆ ಆಕ್ಸಿಲರೇಟರ್ ಒಂದು ಚೂರು ಕೊಡಬೇಕು. ಕಾಲು ಒಪ್ಪುವುದಿಲ್ಲ, ಆದರೂ ಗಾಡಿ ನೆಟ್ಟಗಾಗುವುದು ಅದರಿಂದಲೇ.

ವಾಪಸು ಡಾಂಬರಿಗೆ ಬಂದೊಡನೆ ಟೂ ಹೈ, ಅಂದರೆ ಹಿಂದಿನ ಎರಡೇ ಚಕ್ರಕ್ಕೆ ಬಲ ಕೊಡುವ ಮಾಮೂಲಿ ಗೇರು. ಗಟ್ಟಿ ರಸ್ತೆಯ ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಬೇಕು. ಫೋರ್ ಬೈ ಫೋರ್‌ನಲ್ಲೇ ಬಿಟ್ಟರೆ ಆಕ್ಸಲ್‌ಗಳು ಒಂದಕ್ಕೊಂದು ಜಗ್ಗಾಡಿ ಗೇರುಗಳು ಸವೆಯುತ್ತವೆ. ಗಾಳಿಯನ್ನೂ ಮತ್ತೆ 32ಕ್ಕೆ ತುಂಬಿಸಿ.

ಮರುದಿನ ಸ್ಟೇರಿಂಗ್ ನಡುಗಿದರೆ ಅಲೈನ್‌ಮೆಂಟ್ ಹೋಯಿತೆಂದು ವರ್ಕ್‌ಶಾಪಿಗೆ ಓಡುವ ಮೊದಲು ಪೈಪು ಹಿಡಿದು ರಿಮ್ಮಿನ ಒಳಮೈ ತೊಳೆದು ನೋಡಿ. ಅಲ್ಲಿ ಒಣಗಿ ಕೂತ ಜೇಡಿಯೇ ಚಕ್ರದ ತೂಕವನ್ನು ಏರುಪೇರು ಮಾಡಿರುತ್ತದೆ.