ಗಂಗಾವತಿಯಿಂದ ಅಘನಾಶಿನಿ ಅಳಿವೆಗೆ: ಇಳಿತದ ಹೊತ್ತು ಕೇಳಿಕೊಂಡು ಹೊರಡಿ

ನಾವು ತುಂಗಭದ್ರೆಯ ಕಾಲುವೆ ನೀರಲ್ಲಿ ಭತ್ತ ಬೆಳೆಯುವವರು. ಡ್ಯಾಮಿಗೆ ಎಷ್ಟು ನೀರು ಬಂತು ಅಂತ ಕೇಳಿಯೇ ನಮ್ಮ ಮಳೆಗಾಲ ಶುರುವಾಗುತ್ತದೆ. ದೊಡ್ಡ ಅಣೆಕಟ್ಟೇ ಇಲ್ಲದ ಅಘನಾಶಿನಿ ಹೊಳೆ ಸಮುದ್ರ ಸೇರುವುದನ್ನು ಅಪ್ಪನಿಗೆ ತೋರಿಸಬೇಕೆಂದು ದಸರಾ ರಜೆಯಲ್ಲಿ ಕುಮಟಾ ಕಡೆ ಹೊರಟೆವು.

ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ. ನಸುಕಿನಲ್ಲೇ ಬಿಡಿ, ಅರಬೈಲು ಘಟ್ಟವನ್ನು ಬೆಳಕಿರುವಾಗ ಇಳಿಯಬಹುದು.

ಮೊದಲ ದಿನ ನಾವು ಹೊತ್ತು ನೋಡದೆ ಅಳಿವೆ ದಂಡೆಯ ತದಡಿಗೆ ಹೋದೆವು. ಆಗ ಉಬ್ಬರ. ಬರೀ ನೀರು, ಮೀನುಗಾರರ ಬೋಟು, ಅಷ್ಟೇ. ಮರುದಿನ ಇಳಿತಕ್ಕೆ ಹೋದಾಗ ಅದೇ ಜಾಗವೆಂದು ನಂಬಲಾಗಲಿಲ್ಲ. ಹೊಳೆಯ ನಡುವೆ ಮರಳು ದಿಬ್ಬಗಳು ಎದ್ದಿದ್ದವು. ಮೊಣಕಾಲು ನೀರಲ್ಲಿ ಹೆಂಗಸರು ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಕಾಣುತ್ತಿತ್ತು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಿಂದಿನ ರಾತ್ರಿಯೇ ಊರವರನ್ನು ಕೇಳಿಟ್ಟುಕೊಳ್ಳಿ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಜೊತೆಗೇ ಸೇರಿದ್ದು ನಮ್ಮ ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಕ್ಷಿಧಾಮ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ.

ಮಿರ್ಜಾನ್ ಕೋಟೆಗೆ ಅರ್ಧ ದಿನ ಇಡಿ. ಆನೆಗೊಂದಿಯ ಗಟ್ಟಿ ಬಂಡೆ ನೋಡಿದ ಕಣ್ಣಿಗೆ ಕೆಂಪು ಚಿರೇಕಲ್ಲಿನ ಗೋಡೆ ಹೊಸದು. ಕರಾವಳಿಯ ಕಾಳುಮೆಣಸು ಹಡಗು ಹತ್ತಿದ್ದು ಇಂಥ ಅಳಿವೆಗಳಿಂದಲೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಕೋಟೆಯ ಉತ್ಖನನದಲ್ಲಿ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಹಂಪಿಯ ಹಜಾರರಾಮ ಗುಡಿಯ ಗೋಡೆ ಮೇಲಿನ ಕುದುರೆ ಸಾಲು ನೆನಪಾಯಿತು. ವಿಜಯನಗರಕ್ಕೆ ಅರಬ್ ಕುದುರೆಗಳು ಬಂದದ್ದೂ ಇದೇ ಕರಾವಳಿಯ ಹೊನ್ನಾವರ, ಭಟ್ಕಳದ ಮೂಲಕ. ಚಿಕ್ಕಂದಿನಿಂದ ನೋಡಿದ ಆ ಕುದುರೆಗಳ ದಾರಿ ನನಗೆ ಅರ್ಥವಾದದ್ದು ಇಲ್ಲಿ.

ಅಪ್ಪನಿಗೆ ಮಾತ್ರ ಕೋಟೆಗಿಂತ ಗಜನಿ ಗದ್ದೆಯೇ ಜಾಸ್ತಿ ಹಿಡಿಸಿತು. ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ನಮ್ಮ ಸೋನಾ ಮಸೂರಿಗಿಂತ ಎತ್ತರ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಗದ್ದೆ ಸವಳು ಹಿಡಿದರೆ ಬೆಳೆ ಹೋಯಿತು ಅಂತ ನಾವು ಕೂರುತ್ತೇವೆ, ಅಲ್ವಾ? ಅಪ್ಪ ಬದುವಿನ ಮೇಲೆ ನಿಂತು ತೆನೆ ಹಿಡಿದು ನೋಡಿದ್ದೇ ನೋಡಿದ್ದು. ಈ ಬೆಳೆ ನೋಡಬೇಕೆಂದರೆ ಅಕ್ಟೋಬರಿನಲ್ಲೇ ಹೋಗಿ.

ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಿದೆ. ಬೈಕನ್ನೂ ಹತ್ತಿಸುತ್ತಾರೆ. ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ದಾಟುವ ಮುಂಚೆಯೇ ಕೇಳಿ. ನಾವು ಸಂಜೆ ವಾಪಸ್ ಬರುವಾಗ ಉಬ್ಬರ ಶುರುವಾಗಿ ನೀರು ಸಮುದ್ರದಿಂದ ಹೊಳೆಯೊಳಕ್ಕೆ ಹರಿಯುತ್ತಿತ್ತು. ಅಪ್ಪ ಬಗ್ಗಿ ಬೊಗಸೆ ನೀರು ತುಂಬಿಕೊಂಡು ನಾಲಿಗೆಗೆ ಮುಟ್ಟಿಸಿದರು. "ಇಷ್ಟು ಉಪ್ಪಲ್ಲಿ ಬೆಳೀತದಾ ಅದು!" ಎಂದರು.