ಅವ್ವನ ನಿದ್ದೆಯೂ ನನ್ನ ಸ್ಕ್ಯಾನಿಂಗ್ ಮಷಿನ್ನೂ

ಮೈಸೂರಿನ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ನಾನು ಎಂಆರ್‌ಐ ಟೆಕ್ನಿಷಿಯನ್. ದೀಪಾವಳಿಗೆ ಪಾಂಡವಪುರದ ಹತ್ತಿರದ ನಮ್ಮೂರಿಗೆ ಹೋದಾಗ ಅವ್ವ ಕೇಳಿದಳು: "ದಿನಾ ಯಾರ್ಯಾರದೋ ತಲೆಯೊಳಗೆ ನೋಡ್ತೀಯಲ್ಲವ್ವ, ನಂದೂ ಒಂದ್ಸಲ ನೋಡು. ನಿದ್ದೆ ಎಲ್ಲಿ ಸಿಕ್ಕಾಕ್ಕೊಂಡದೆ ಹೇಳು."

ಅವ್ವ ಸರಿಯಾಗಿ ನಿದ್ದೆ ಮಾಡಿ ನಾಲ್ಕು ವರ್ಷವಾಯಿತು. ಅಪ್ಪ ಇದ್ದಾಗ ರಾತ್ರಿ ಕರೆಂಟ್ ಬಂದ ತಕ್ಷಣ ಇಬ್ಬರೂ ಎದ್ದು ಕಬ್ಬಿಗೆ ನೀರು ಕಟ್ಟುತ್ತಿದ್ದರು. ಅಪ್ಪ ಹೋದರು, ಜಮೀನು ಪಾಲಿಗೆ ಕೊಟ್ಟೆವು. ಅವ್ವನ ಎಚ್ಚರ ಮಾತ್ರ ನಿಲ್ಲಲಿಲ್ಲ. "ಕಣ್ ಮುಚ್ಕೊಂಡೇ ಇರ್ತೀನಿ, ನಾಲೆ ಸದ್ದು ಕೇಳ್ತಾನೇ ಇರ್ತದೆ" ಅನ್ನುತ್ತಿದ್ದಳು. ಪಕ್ಕದಲ್ಲಿ ಮಲಗಿದ ನನಗೆ ಅವಳ ಉಸಿರು ಒಂದೇ ಸಮ ಕೇಳುತ್ತಿತ್ತು. "ಚೆನ್ನಾಗೇ ನಿದ್ದೆ ಮಾಡಿದೆ ಬಿಡವ್ವ" ಅಂದುಬಿಡುತ್ತಿದ್ದೆ. ಎಷ್ಟು ಸಲವೋ!

ನಮ್ಮ ಮಷಿನ್ನೊಳಗೆ ಇರುವುದು ಭಾರೀ ಶಕ್ತಿಯ ಆಯಸ್ಕಾಂತ. ತಾಳಿ, ಓಲೆ, ಪಿನ್ನು ಎಲ್ಲ ಬಿಚ್ಚಿಸಿ ಒಳಗೆ ಕಳಿಸುತ್ತೇವೆ. ಗಡ್ಡೆ ಕಾಣುತ್ತದೆ, ಸ್ಟ್ರೋಕ್ ಕಾಣುತ್ತದೆ. ನಿದ್ದೆ ಬಾರದ ಕಾಯಿಲೆ ಕಾಣುವುದಿಲ್ಲ. ಅದನ್ನು ಡಾಕ್ಟರು ಮಾತಾಡಿಸಿಯೇ ಗುರುತಿಸಬೇಕು. ವಾರಕ್ಕೆ ಮೂರು ರಾತ್ರಿಯಾದರೂ ತೊಂದರೆ, ಮೂರು ತಿಂಗಳಾದರೂ ಹಾಗೇ ಇದ್ದು, ಹಗಲೂ ಕಷ್ಟವಾಗುತ್ತಿದೆಯಾ ಅಂತ ಕೇಳುತ್ತಾರೆ.

ಅವ್ವನಿಗೋಸ್ಕರ ಹುಡುಕಿ ಓದಿದೆ. 2004ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎರಿಕ್ ನೊಫ್ಜಿಂಜರ್ ಮತ್ತು ಜೊತೆಯವರು ನಿದ್ದೆಯಿಲ್ಲದ 7 ಜನರನ್ನೂ ಆರೋಗ್ಯವಾಗಿದ್ದ 20 ಜನರನ್ನೂ ಪೆಟ್ ಸ್ಕ್ಯಾನ್ ಮಾಡಿದ್ದರು. ಸಕ್ಕರೆಯಂಥ ಒಂದು ವಸ್ತುವಿಗೆ ಸ್ವಲ್ಪ ವಿಕಿರಣ ಸೇರಿಸಿ ರಕ್ತಕ್ಕೆ ಬಿಡುತ್ತಾರೆ. ಮೆದುಳಿನ ಯಾವ ಭಾಗ ಜಾಸ್ತಿ ದುಡಿಯುತ್ತದೋ ಅದು ಜಾಸ್ತಿ ಎಳೆದುಕೊಳ್ಳುತ್ತದೆ. ಎಚ್ಚರದಲ್ಲೊಮ್ಮೆ, ನಿದ್ದೆಯಲ್ಲೊಮ್ಮೆ ನೋಡಿದರು. ಎಚ್ಚರವಾಗಿಡುವ ಭಾಗಗಳು ನಿದ್ದೆಯಲ್ಲಿ ತಣ್ಣಗಾಗಬೇಕು, ಅಲ್ವಾ? ಆ ಏಳು ಜನರಲ್ಲಿ ಅಷ್ಟು ತಣ್ಣಗಾಗಿರಲಿಲ್ಲ. ಒಲೆ ಆರಿಸಿದ ಮೇಲೂ ಬೂದಿಯೊಳಗೆ ಕೆಂಡ ಇರುವ ಹಾಗೆ.

ಓದಿ ಸುಮ್ಮನೆ ಕೂತುಬಿಟ್ಟೆ. ಅವ್ವ ಹೇಳುತ್ತಿದ್ದದ್ದೂ ಇದನ್ನೇ.

ಇಷ್ಟಕ್ಕೇ ಎಲ್ಲ ತಿಳಿದುಹೋಯಿತು ಅನ್ನಲಾಗದು. ಏಳು ಜನ ತುಂಬ ಕಡಿಮೆ. 2018ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ, ಎಲ್ಲದರಲ್ಲೂ ಒಂದೇ ಜಾಗದಲ್ಲಿ ಬದಲಾವಣೆ ಸಿಗಲಿಲ್ಲ. ಅದಕ್ಕೇ ಅವ್ವನನ್ನು ಮಷಿನ್ನೊಳಗೆ ಮಲಗಿಸಲಿಲ್ಲ. ಸುಮ್ನೆ ಭಯ, ಸುಮ್ನೆ ದುಡ್ಡು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಲಗುವ ಅಭ್ಯಾಸ, ಯೋಚನೆಗಳನ್ನು ಬದಲಿಸಿ ನಿದ್ದೆ ಸರಿಮಾಡುವ ಸಿಬಿಟಿ-ಐ ಅನ್ನುವ ವಿಧಾನದ ಪ್ರಕಾರ ಹೇಳಿಕೊಟ್ಟರು. ದಿನಾ ಒಂದೇ ಹೊತ್ತಿಗೆ ಏಳಬೇಕು. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂರಬೇಕು, ತೂಕಡಿಕೆ ಬಂದ ಮೇಲೇ ಮಲಗಬೇಕು. ಮೊದಲ ವಾರಗಳು ತುಂಬಾ ಕಷ್ಟವಾದವು. ಜಗುಲಿ ಮೇಲೆ ಕಂಬಳಿ ಹೊದ್ದು ಕೂರುತ್ತಿದ್ದಳು.

ನಿನ್ನೆ ಫೋನ್ ಮಾಡಿದ್ದಳು. "ನಾಲೆ ಸದ್ದು ಕೇಳಿಸ್ತಾ ಅವ್ವ?" ಅಂದೆ.

"ಕೇಳಿಸ್ತು ಕಣವ್ವ. ಆಮೇಲೆ ಗೊತ್ತಾಗಲಿಲ್ಲ."