ಅನತೋಲಿ ತರಾಸೊವ್: ನೆಲದ ಮೇಲೆ ಕಲಿಸಿದ ಐಸ್ ಹಾಕಿ

ಸೋವಿಯತ್ ಒಕ್ಕೂಟದ ಐಸ್ ಹಾಕಿ ತರಬೇತುದಾರ ಅನತೋಲಿ ತರಾಸೊವ್ ಆಟಗಾರರಾಗಿ ಕಣಕ್ಕಿಳಿದಾಗ ಅವರ ದೇಶದಲ್ಲಿ ಐಸ್ ಹಾಕಿಯೇ ಹೊಸ ಆಟವಾಗಿತ್ತು. 1918ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಅವರು ಅದಕ್ಕೂ ಮೊದಲು ಆಡುತ್ತಿದ್ದುದು ಫುಟ್‌ಬಾಲ್ ಮತ್ತು ಬ್ಯಾಂಡಿ. ಬ್ಯಾಂಡಿಯೆಂದರೆ ಫುಟ್‌ಬಾಲ್ ಮೈದಾನದಷ್ಟು ವಿಶಾಲವಾದ ಮಂಜುಗಡ್ಡೆಯ ಮೇಲೆ ತಂಡಕ್ಕೆ ಹನ್ನೊಂದು ಮಂದಿ ಸ್ಕೇಟ್ ಕಟ್ಟಿಕೊಂಡು ಚೆಂಡಿನಿಂದ ಆಡುವ ಆಟ. 1946ರ ಚಳಿಗಾಲದಲ್ಲಿ ಸೋವಿಯತ್ ಒಕ್ಕೂಟದ ಮೊದಲ ಐಸ್ ಹಾಕಿ ಚಾಂಪಿಯನ್‌ಷಿಪ್ ಆರಂಭವಾದಾಗ ಅವರು ವಾಯುಪಡೆಯ ತಂಡದಲ್ಲಿ ಆಡುತ್ತಲೇ ಅದಕ್ಕೆ ತರಬೇತಿಯನ್ನೂ ನೀಡುತ್ತಿದ್ದರು. ಮರುವರ್ಷ ಸೇನೆಯ ತಂಡಕ್ಕೆ ಹೋದರು. ನಡುವಿನ ಕೆಲವು ಬಿಡುವುಗಳನ್ನು ಬಿಟ್ಟರೆ 1974ರವರೆಗೂ ಅದರ ತರಬೇತುದಾರರಾಗಿದ್ದರು.

ಆ ಮೊದಲ ವರ್ಷಗಳ ಪಂದ್ಯಗಳು ನಡೆಯುತ್ತಿದ್ದುದು ಬಯಲಿನಲ್ಲಿ, ಚಳಿಗಾಲ ತಾನಾಗಿ ಕಟ್ಟಿಕೊಟ್ಟ ಮಂಜಿನ ಮೇಲೆ. ಮಾಸ್ಕೋದ ಲುಜ್ನಿಕಿಯಲ್ಲಿ ಒಳಾಂಗಣ ಕ್ರೀಡಾಂಗಣ ತೆರೆದದ್ದು 1956ರಲ್ಲಿ. ಹೀಗಾಗಿ ವರ್ಷದ ಬಹುಭಾಗ ಮಂಜೇ ಸಿಗದ ಆಟಗಾರರನ್ನು ತರಾಸೊವ್ ನೆಲದ ಮೇಲೆಯೇ ಸಿದ್ಧಗೊಳಿಸಿದರು. ಭಾರ ಎತ್ತುವುದು, ಜೊತೆಗಾರನನ್ನು ಹೆಗಲ ಮೇಲೆ ಹೊತ್ತು ಓಡುವುದು, ಲಾಗ ಹಾಕುವುದು, ಫುಟ್‌ಬಾಲ್ ಆಡುವುದು ಇವೆಲ್ಲವೂ ಅವರ ಪಾಠದಲ್ಲಿದ್ದವು. ಗೋಲ್‌ಕೀಪರ್ ವ್ಲಾದಿಸ್ಲಾವ್ ಟ್ರೆಟಿಯಾಕ್ ಅವರಿಗಂತೂ ಟೆನಿಸ್ ಚೆಂಡೊಂದನ್ನು ಸದಾ ಜೊತೆಗಿಟ್ಟುಕೊಂಡು ಎಸೆದು ಹಿಡಿಯುತ್ತಿರಬೇಕೆಂಬ ಕಟ್ಟಪ್ಪಣೆಯಿತ್ತು. ಒಬ್ಬನೇ ಪಕ್ ಅನ್ನು, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆಯನ್ನು, ತಳ್ಳಿಕೊಂಡು ನುಗ್ಗುವುದಕ್ಕಿಂತ ಗೋಲ್‌ಕೀಪರ್ ಬಿಟ್ಟು ಉಳಿದ ಐವರೂ ಸ್ಥಾನ ಬದಲಿಸುತ್ತ ಪಾಸ್ ಕೊಡುವುದು ಮೇಲೆಂದು ಅವರು ನಂಬಿದ್ದರು. ಇದು ಬ್ಯಾಂಡಿಯ ವಿಶಾಲ ಅಂಗಳದಿಂದ ಬಂದ ಬುದ್ಧಿಯೆಂದೇ ನನ್ನ ಅನಿಸಿಕೆ.

ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಮಂಜುಗಡ್ಡೆ ಕಾಣುವುದು ಕಬ್ಬಿನ ಹಾಲಿನ ಗಾಡಿಯಲ್ಲಿ ಮಾತ್ರ. ಇಲ್ಲಿ ಕುಳಿತು ಐಸ್ ಹಾಕಿಯ ಬಗ್ಗೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ತರಾಸೊವ್ ಅವರ ಈ ಅಧ್ಯಾಯ ನಮ್ಮ ಭಾಗದವರಿಗೇ ಹೆಚ್ಚು ಹತ್ತಿರವಾದುದು. ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ ಪಟುಗಳಿಗೆ ಉತ್ತಮ ಸೌಲಭ್ಯಗಳಿವೆ, ನಿಜ. ಸರ್ಕಾರಿ ಶಾಲೆಯ ದೈಹಿಕ ಶಿಕ್ಷಕರ ಕೈಯಲ್ಲಿರುವುದು ಮಾತ್ರ ಕಲ್ಲು ಆರಿಸಿದ ಒಂದು ಬಯಲು ಮತ್ತು ಬಿಸಿಲೇರುವ ಮುನ್ನಿನ ಒಂದೆರಡು ಗಂಟೆ. ಒಂದು ಟೆನಿಸ್ ಚೆಂಡು ಅಲ್ಲಿಗೂ ಸಾಕು.

ಅರ್ಕಾದಿ ಚೆರ್ನಿಶೊವ್ ಅವರೊಂದಿಗೆ ರಾಷ್ಟ್ರೀಯ ತಂಡವನ್ನು ನಡೆಸಿದ ತರಾಸೊವ್ 1963ರಿಂದ 1971ರವರೆಗೆ ಸತತ ಒಂಬತ್ತು ವಿಶ್ವ ಪ್ರಶಸ್ತಿಗಳನ್ನೂ 1964, 1968, 1972ರ ಒಲಿಂಪಿಕ್ ಚಿನ್ನವನ್ನೂ ಗೆಲ್ಲಿಸಿದರು. ಅವರ ಹಟ ಮಾತ್ರ ಸಣ್ಣದಲ್ಲ. 1969ರಲ್ಲಿ ಮಾಸ್ಕೋದ ಇನ್ನೊಂದು ತಂಡ ಸ್ಪಾರ್ತಕ್ ವಿರುದ್ಧದ ಪಂದ್ಯದಲ್ಲಿ ತಮ್ಮ ಸೇನಾ ತಂಡದ ಗೋಲನ್ನು ರದ್ದುಗೊಳಿಸಿದರೆಂದು ಸೋವಿಯತ್ ನಾಯಕ ಬ್ರೆಜ್ನೆವ್ ನೋಡುತ್ತಿರುವಾಗಲೇ ಆಟಗಾರರನ್ನು ಅಂಗಳದಿಂದ ಹೊರಕ್ಕೆ ಕರೆದೊಯ್ದರು. ಅದಕ್ಕೆ ತೆತ್ತ ಬೆಲೆ 'ಗೌರವಾನ್ವಿತ ತರಬೇತುದಾರ' ಎಂಬ ಬಿರುದು. ಅದನ್ನು ಮುಂದೆ ಅವರಿಗೆ ಮರಳಿಸಲಾಯಿತು.

1972ರ ಒಲಿಂಪಿಕ್ಸ್ ಮುಗಿದೊಡನೆ ತರಾಸೊವ್, ಚೆರ್ನಿಶೊವ್ ಇಬ್ಬರೂ ರಾಷ್ಟ್ರೀಯ ತಂಡದಿಂದ ಹೊರಬಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಕೆನಡಾದ ವೃತ್ತಿಪರ ತಾರೆಯರನ್ನು ಸೋವಿಯತ್ ತಂಡ 7-3ರಿಂದ ಸೋಲಿಸಿದಾಗ ತರಬೇತುದಾರರಾಗಿ ಬೆಂಚಿನ ಹಿಂದೆ ನಿಂತಿದ್ದವರು ವ್ಸೆವೊಲೊದ್ ಬೊಬ್ರೊವ್, ಒಂದು ಕಾಲದಲ್ಲಿ ತರಾಸೊವ್ ಅವರ ಜೊತೆಯಲ್ಲೇ ಆಡಿದವರು. ಗೋಲಿನಲ್ಲಿ ಟ್ರೆಟಿಯಾಕ್ ಇದ್ದರು.